ದೂರ ಓದಲು ಹೋದವರು ಬರೀ ತಿರುಗಾಡಲು ಹೋದವರೇ?



“ದೇಶ ಸುತ್ತು, ಇಲ್ಲವೇ ಕೋಶ ಓದು” ಎಂಬ ಗಾದೆ ಮಾತನ್ನು ನಾವೆಲ್ಲರೂ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ಅಂಕಗಳನ್ನೂ ತಗೊಂಡಿದ್ದೇವೆ. ಆದರೆ ನಮ್ಮೂರ ಕಟ್ಟೆ ಮೇಲೆ ಕುಂತವರು ಈ ಗಾದೆಗೆ ಬೇರೆ ಅರ್ಥ ಮಾಡುತ್ತಾರೆ. ಗಂಡುಮಗ ದೇಶ ಸುತ್ತಿ ಬಂದರೆ “ನಾಕು ಊರು ನೋಡಿ ಶ್ಯಾಣ್ಯಾ ಆಗ್ಯಾನ” ಅನ್ನುತ್ತಾರೆ. ಹೆಣ್ಣುಮಗಳು ಕೋಶ ಓದಲು ಹೋದರೂ “ದೇಶ ಸುತ್ತಾಕ ಹೋಗ್ಯಾಳ” ಅನ್ನುತ್ತಾರೆ. ಈ ಮಾತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಸರಿಯಲ್ಲ ಎಂದು ಲೆಕ್ಕ ಹಾಕಿ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿಯೇ ಏಳನೇತ್ತ ಮುಗಿಸಿದ ಅಕ್ಕ ಒಬ್ಬಾಕಿ ಈಗ ಇಂಗ್ಲೆಂಡ್ ದೇಶದ ಲಂಡನ್ ಪಟ್ಟಣದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. “ನನ್ನ ಹೆಸರು ಗೋಡೆಗೆ ಹಚ್ಚಬ್ಯಾಡ” ಎಂದು ಆಕೆಯೇ ಹೇಳಿದ್ದರಿಂದ ಹೆಸರು ಬರೆದಿಲ್ಲ. ಆಕೆಯ ಅಪ್ಪ ನಮ್ಮಂತೆಯೇ ಕಾಲುವೆ ಕೆಳಗೆ ಎರಡು ಎಕರೆ ನೆಲ್ಲು ಮಾಡುವವರು. ಸ್ವಲ್ಪ ವಿದ್ಯಾರ್ಥಿವೇತನ ಸಿಕ್ಕಿದೆ, ಉಳಿದದ್ದು ಬ್ಯಾಂಕಿನ ಸಾಲ. ನವೆಂಬರ್ ತಿಂಗಳ ಮೊದಲ ವಾರದಲ್ಲಿ ಆಕೆಗೆ ಪಾಠಗಳು ಇರಲಿಲ್ಲ. ಮಕ್ಕಳು ತಾವೇ ಕುಂತು ಓದಿಕೊಳ್ಳಲಿ ಎಂದು ಅಲ್ಲಿ ನಡುವೆ ಒಂದು ವಾರ ಪಾಠ ಬಿಡುತ್ತಾರಂತೆ. ಆ ವಾರ ಆಕೆ ಮನೆಗೆ ನಾಲ್ಕು ಫೋಟೋ ಕಳಿಸಿದಳು.

ಆ ನಾಲ್ಕು ಫೋಟೋಗಳು ಒಂದೇ ಸಂಜೆಯಲ್ಲಿ ಊರಿನ ಎಲ್ಲ ಮೊಬೈಲಿಗೂ ಹೋದವು. ಹೋಟ್ಲಿನ ಮುಂದೆ ಒಬ್ಬರು “ಓದಾಕ ಕಳಿಸಿದ್ರ ಅಕಿ ಊರು ನೋಡಾಕತ್ತಾಳಲ್ಲೋ” ಎಂದರು. ಇನ್ನೊಬ್ಬರು “ಅದಕ್ಕ ಹೆಣ್ಣುಮಕ್ಕಳನ್ನ ದೂರ ಕಳಿಸಬಾರದು” ಎಂದರು. ಅಲ್ಲಿಗೆ ಎಲ್ಲರ ಮನೆಯ ಹೆಣ್ಣುಮಕ್ಕಳ ಓದಿನ ಮಾತೂ ಅಲ್ಲೇ ತೀರ್ಮಾನ ಆದಂಗಾಯಿತು.

ನಾನು ಭಾನುವಾರ ಅವರ ಮನೆಗೆ ಹೋಗಿ ಫೋನಿನಲ್ಲಿ “ಅಕ್ಕಾ, ಫೋಟೋದಾಗ ಇಲ್ಲದ್ದು ಹೇಳು” ಎಂದು ಕೇಳಿದೆ. ಆಕೆ ನಕ್ಕಳು. ಆಮೇಲೆ ವಾರದ ಎಲ್ಲಾ ದಿನದ ಸುದ್ದಿ ಹೇಳಿದಳು. ನಾನು ರಫ್ ನೋಟಿನಲ್ಲಿ ಬರೆದುಕೊಂಡೆ. ಅದನ್ನು ಇಲ್ಲಿ ದಿನದ ಪ್ರಕಾರ ಕೊಟ್ಟಿದ್ದೇನೆ.

ಸೋಮವಾರ: ಬೆಳಗ್ಗೆಯಿಂದ ಸಂಜೆಯವರೆಗೆ ಗ್ರಂಥಾಲಯ. ಸಂಜೆ ನಾಲ್ಕೂವರೆಗೆಲ್ಲಾ ಹೊತ್ತು ಮುಳುಗುತ್ತದೆ. ಆಮೇಲೆ ಒಂದು ಕಿರಾಣಿ ಅಂಗಡಿಯಲ್ಲಿ ಐದು ತಾಸು ಕೆಲಸ. ಡಬ್ಬಿಗಳನ್ನು ಒಡೆದು ಸಾಮಾನು ಜೋಡಿಸುವುದು. ಪಾಠ ನಡೆಯುವ ದಿನಗಳಲ್ಲಿ ಅಲ್ಲಿ ಹೊರದೇಶದ ವಿದ್ಯಾರ್ಥಿಗಳು ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ ಎಂದು ನಿಯಮವಿದೆ.

ಮಂಗಳವಾರ: ಮುಂಜಾನೆ ಗ್ರೀನಿಚ್. ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬರುವ 0 ಡಿಗ್ರಿ ರೇಖಾಂಶ ಅಲ್ಲಿಯೇ ಹಾಯ್ದುಹೋಗುತ್ತದೆ. ನೆಲದ ಮೇಲೆ ಲೋಹದ ಗೆರೆ ಹಾಕಿದ್ದಾರೆ. ಅದರ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ನಿಂತರೆ ಒಂದು ಕಾಲು ಪೂರ್ವ ಗೋಳಾರ್ಧದಲ್ಲಿ, ಇನ್ನೊಂದು ಪಶ್ಚಿಮ ಗೋಳಾರ್ಧದಲ್ಲಿ. ಇದು ಮೊದಲನೇ ಫೋಟೋ. ಮಧ್ಯಾಹ್ನ ಮತ್ತೆ ಗ್ರಂಥಾಲಯ, ರಾತ್ರಿ ಅಂಗಡಿ.

ಬುಧವಾರ: ಹೊರಗೆಲ್ಲೂ ಹೋಗಿಲ್ಲ. ಮೈಯಾಗ ಜ್ವರ. ಕಷಾಯ ಕಾಸಿಕೊಡುವವರು ಯಾರೂ ಇಲ್ಲ. ತಾನೇ ಎದ್ದು ಅನ್ನಕ್ಕಿಟ್ಟಳಂತೆ. ಜೋಳದ ಹಿಟ್ಟು ಅಲ್ಲಿ ನಮ್ಮವರ ಅಂಗಡಿಯಲ್ಲಿ ಸಿಗುತ್ತದೆ, ಆದರೆ ರೊಟ್ಟಿ ಬಡಿಯುವಂತಿಲ್ಲ. ಸಪ್ಪಳಕ್ಕೆ ಕೆಳಗಿನ ಮನೆಯವರು ಎದ್ದು ಬರುತ್ತಾರೆ! ಪುಂಡಿಪಲ್ಯದ ನೆನಪಾಗಿ ಅಳು ಬಂತು ಎಂದಳು. ಇದರ ಫೋಟೋ ಇಲ್ಲ.

ಗುರುವಾರ: ಬ್ರಿಟಿಷ್ ಮ್ಯೂಜಿಯಂ. 1759ರಲ್ಲಿ ಜನರಿಗೆ ತೆರೆದದ್ದು. ಒಳಗೆ ಹೋಗಲು ಟಿಕೇಟಿಲ್ಲ. ಅಲ್ಲಿ ಅಮರಾವತಿ ಸ್ತೂಪದ ಕೆತ್ತನೆಯ ಕಲ್ಲುಗಳಿವೆ. ಅಮರಾವತಿ ಇರುವುದು ಆಂಧ್ರದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ. ನಮ್ಮ ಲಿಂಗಸುಗೂರು ತಾಲ್ಲೂಕಿನ ಜಲದುರ್ಗವನ್ನು ಸುತ್ತಿ ಹೋಗುವ ನದಿಯೂ ಅದೇ ಕೃಷ್ಣಾ. “ನಮ್ಮ ನೀರಿನ ದಂಡಿ ಕಲ್ಲು ಇಲ್ಲಿ ಕಂಡು ಸುಮ್ಮನ ನಿಂತುಬಿಟ್ಟೆ” ಎಂದಳು. ಇದು ಎರಡನೇ ಫೋಟೋ. ರಾತ್ರಿ ಅಂಗಡಿ.

ಶುಕ್ರವಾರ: ಇಡೀ ದಿನ ಕುಂತು ಬರೆದದ್ದು. ಇಂಗ್ಲಿಷಿನಲ್ಲಿ ದೊಡ್ಡ ಪ್ರಬಂಧ. ನಮ್ಮ ಹಾಗೆ ಕನ್ನಡ ಮಾಧ್ಯಮದಲ್ಲಿ ಓದಿದಾಕಿ ಆದ್ದರಿಂದ ಒಂದು ಪುಟ ಬರೆಯಲು ಉಳಿದವರಿಗಿಂತ ಎರಡು ಪಟ್ಟು ಹೊತ್ತು ಹಿಡಿಯುತ್ತದಂತೆ. ಇದರದೂ ಫೋಟೋ ಇಲ್ಲ.

ಶನಿವಾರ: ಬಟ್ಟೆ ಒಗೆಯುವ ದಿನ. ಅಂಗಡಿಯಲ್ಲಿ ಮಷೀನಿಗೆ ದುಡ್ಡು ಹಾಕಿ ಒಗೆಯಬೇಕು. ಮಧ್ಯಾಹ್ನ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರ್ ಮನೆಯನ್ನು ನೋಡಲು ಹೋದಳು. ಡಾ. ಬಿ.ಆರ್. ಅಂಬೇಡ್ಕರ್ ಅವರು 1921-22ರಲ್ಲಿ ಓದುವಾಗ ಇದ್ದ ಮನೆ ಅದು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡುಕೊಂಡಿತು. ಇದು ಮೂರನೇ ಫೋಟೋ. ರಾತ್ರಿ ಮತ್ತೆ ಅಂಗಡಿ.

ಭಾನುವಾರ: ಥೇಮ್ಸ್ ನದಿಯ ದಂಡೆಯಲ್ಲಿ ನಮ್ಮ ಬಸವಣ್ಣನವರ ಪುತ್ಥಳಿ ಇದೆ. ಆಚೆ ದಂಡೆಯಲ್ಲಿ ಅವರ ಪಾರ್ಲಿಮೆಂಟ್. ಈ ಪುತ್ಥಳಿಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಇದಕ್ಕಾಗಿ ಓಡಾಡಿದವರು ಕಲಬುರಗಿ ಜಿಲ್ಲೆಯಿಂದ ಹೋದ ನೀರಜ್ ಪಾಟೀಲ್, ಲಂಡನ್ನಿನ ಲ್ಯಾಂಬೆತ್ ಎಂಬ ಭಾಗಕ್ಕೆ ಮೇಯರ್ ಆಗಿದ್ದವರು. ಇದು ನಾಲ್ಕನೇ ಫೋಟೋ. ಆಮೇಲೆ ಮನೆಗೆ ಬಂದು ವಾರದ ಅಡುಗೆಗೆ ಉಳ್ಳಾಗಡ್ಡಿ ಹೆಚ್ಚುತ್ತಾ ನನ್ನ ಜೊತೆ ಮಾತಾಡಿದಳು.

ಈಗ ಲೆಕ್ಕ ನೋಡೋಣ. ವಾರಕ್ಕೆ ಏಳು ದಿನ, ದಿನಕ್ಕೆ 24 ತಾಸು, ಒಟ್ಟು 168 ತಾಸು. ಆಕೆಯನ್ನು ಕೇಳಿ ನಾನು ಮಾಡಿದ ಲೆಕ್ಕ ಹೀಗಿದೆ. ನಿದ್ದೆ 49 ತಾಸು. ಓದು ಬರಹ 45 ತಾಸು. ಅಂಗಡಿ ಕೆಲಸ 20 ತಾಸು. ಅಡುಗೆ, ಪಾತ್ರೆ, ಬಟ್ಟೆ 18 ತಾಸು. ಓದು ಮತ್ತು ಕೆಲಸದ ಸಲುವಾಗಿ ಬಸ್ಸಿನಲ್ಲಿ ಕುಂತದ್ದು 12 ತಾಸು. ಊರು ನೋಡಿದ್ದು ನಾಲ್ಕೂ ದಿನ ಸೇರಿ 14 ತಾಸು. ಉಳಿದ 10 ತಾಸು ಜ್ವರಕ್ಕೆ, ಫೋನಿಗೆ ಮತ್ತು ಸುಮ್ಮನೆ ಕುಂತದ್ದಕ್ಕೆ.

168ರಲ್ಲಿ 14 ಎಂದರೆ ಹನ್ನೆರಡರಲ್ಲಿ ಒಂದು ಪಾಲು. ಪಾಠ ಇಲ್ಲದ ವಾರದಲ್ಲೇ ಇಷ್ಟು. ಪಾಠ ಇರುವ ವಾರದಲ್ಲಿ ಅದೂ ಇಲ್ಲ. ಆದರೆ ಊರಿಗೆ ಬಂದು ಮುಟ್ಟಿದ್ದು ಆ ಒಂದು ಪಾಲು ಮಾತ್ರ. ಉಳಿದ ಹನ್ನೊಂದು ಪಾಲು ಯಾರ ಮೊಬೈಲಿನಲ್ಲೂ ಇರಲಿಲ್ಲ. ಹನ್ನೊಂದು ಪಾಲು ಬಿಟ್ಟು ಒಂದು ಪಾಲಿಗೆ ತೀರ್ಪು ಕೊಟ್ಟರೆ ಅದು ನ್ಯಾಯವೇ? ನೆಲ್ಲಿನ ವ್ಯಾಪಾರಿ ಕೂಡ ಚೀಲದ ಬಾಯಿ ಒಂದೇ ನೋಡಿ ರೇಟು ಹೇಳುವುದಿಲ್ಲ, ನಡುವೆ ಕೊಕ್ಕೆ ಚುಚ್ಚಿ ತೆಗೆದು ನೋಡುತ್ತಾನೆ.

ಇನ್ನು ಆ 14 ತಾಸಾದರೂ ದಂಡವೇ? ನನ್ನ ಪ್ರಕಾರ ಅದೂ ಓದೇ. ರೇಖಾಂಶ ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಸರ್ ಹೇಳಿದಾಗ ನಾವು ಬಾಯಿಪಾಠ ಮಾಡಿದೆವು. ಭಾರತದ ವೇಳೆಗೆ 82½ ಡಿಗ್ರಿ ಪೂರ್ವ ರೇಖಾಂಶ ಹಿಡಿಯುತ್ತಾರೆ. ಅದನ್ನು ನಾಲ್ಕರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ತಾಸು. ಅಕ್ಕ ಗೆರೆಯ ಮೇಲೆ ನಿಂತಾಗ ಅಲ್ಲಿ ಬೆಳಗ್ಗೆ ಹತ್ತು ಗಂಟೆ, ನಮ್ಮ ಶಾಲೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆ. ಆ ಫೋಟೋ ನೋಡಿದ ಮೇಲೆ ನನಗೆ ಆ ಲೆಕ್ಕ ಮರೆಯಲಿಲ್ಲ. ನೋಡಿದವಳು ಆಕೆ, ಕಲಿತವಳು ನಾನೂ.

ದೂರ ಹೋಗಿ ಓದಿದವರು ಹಿಂದೆಯೂ ಇದ್ದರು. ಅಂಬೇಡ್ಕರ್ ಅವರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನ ಮುಗಿದು ಓದು ಅರ್ಧಕ್ಕೆ ನಿಲ್ಲಿಸಿ ಬರಬೇಕಾಯಿತು. ಆದರೂ ಬಿಡದೆ ದುಡ್ಡು ಕೂಡಿಸಿಕೊಂಡು 1920ರಲ್ಲಿ ತಿರುಗಿ ಲಂಡನ್ನಿಗೆ ಹೋದರು. ನಮ್ಮ ಅಕ್ಕ ನೋಡಿ ಬಂದ ಅದೇ ಮ್ಯೂಜಿಯಂನ ಓದುವ ಕೋಣೆಯಲ್ಲಿ ದಿನಗಟ್ಟಲೆ ಕುಂತು ಓದುತ್ತಿದ್ದರು. ಊಟಕ್ಕೂ ದುಡ್ಡು ಹಿಡಿದು ಖರ್ಚು ಮಾಡುತ್ತಿದ್ದರು. ಅವರು ಲಂಡನ್ ನೋಡಲು ಹೋಗಿದ್ದರು ಎಂದು ಯಾರಾದರೂ ಹೇಳುತ್ತಾರೆಯೇ?

“ಅವರು ಗಂಡಸರು” ಎನ್ನುವವರಿಗೆ ಇನ್ನೊಬ್ಬರ ಹೆಸರು ಹೇಳುತ್ತೇನೆ. ರಾಜೇಶ್ವರಿ ಚಟರ್ಜಿ ನಮ್ಮ ಕರ್ನಾಟಕದವರು, 1922ರಲ್ಲಿ ಹುಟ್ಟಿದವರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. 1947ರ ಜುಲೈ ತಿಂಗಳಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, ಅವರು ಹಡಗು ಹತ್ತಿದರು. ಯುದ್ಧದಲ್ಲಿ ಸೈನಿಕರನ್ನು ಒಯ್ಯುತ್ತಿದ್ದ ಹಡಗು ಅದು. ಅಮೆರಿಕ ಮುಟ್ಟಲು 30 ದಿನ. ಅಲ್ಲಿಯ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರೇಟ್ ಪಡೆದು 1953ರಲ್ಲಿ ತಿರುಗಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಆಗ ಮೊಬೈಲ್ ಇರಲಿಲ್ಲ. ಆರು ವರ್ಷ ಮಗಳ ಮುಖ ಫೋನಿನಲ್ಲಿ ನೋಡುವ ಹಾಗಿರಲಿಲ್ಲ. ಆದರೂ ಅವರ ಮನೆಯವರು ನಂಬಿ ಕಳಿಸಿದರು. ನಮಗೆ ದಿನಾ ಫೋನಿದ್ದರೂ ನಂಬಿಕೆ ಯಾಕಿಲ್ಲ?

ಅಷ್ಟು ದೂರ ಯಾಕೆ, ನಮ್ಮ ನಾಡಿನ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರನ್ನೇ ನೋಡಿರಿ. ಅವರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಎಂದು ಹೇಳುತ್ತಾರೆ. 12ನೇ ಶತಮಾನದಲ್ಲಿ ಬಸವಣ್ಣನವರ ಕಲ್ಯಾಣಕ್ಕೆ ಹೋಗಿ ಶರಣರ ಸಂಗಡ ಕೂಡಿದರು. ಅಲ್ಲಿ ಬಿದ್ದ ಅಕ್ಕಿ ಆಯುವುದೇ ಅವರ ಕಾಯಕ. ಒಮ್ಮೆ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಕೊಟ್ಟು ಬಾ ಎಂದರಂತೆ. ಗಂಡ ಹೆಂಡತಿ ಇಬ್ಬರೂ ವಚನ ಬರೆದರು. ದೂರ ಹೋದ ಹೆಣ್ಣುಮಗಳು ಬುದ್ಧಿ ಕಳಕೊಳ್ಳುತ್ತಾಳೆ ಎನ್ನುವವರು ಲಕ್ಕಮ್ಮನವರ ಕಥೆ ಒಮ್ಮೆ ಓದಬೇಕು.

ಗೆಳತಿಯರೇ, ಇಷ್ಟೆಲ್ಲ ನಾನು ಬರೆದದ್ದು ಲಂಡನ್ನಿಗೆ ಹೋಗಬೇಕು ಎಂದಲ್ಲ. ನಮ್ಮ ಶಾಲೆ ಇರುವುದು ಏಳನೇತ್ತದವರೆಗೆ. ಎಂಟನೇತ್ತಕ್ಕೆ ಏಳು ಕಿಲೋಮೀಟರ್ ದೂರದ ಊರಿಗೆ ಹೋಗಬೇಕು. ನಮ್ಮ ಪಾಲಿಗೆ ಆ ಏಳು ಕಿಲೋಮೀಟರೇ ಪರದೇಶ. ಹೋದ ವರ್ಷ ಏಳನೇತ್ತ ಮುಗಿಸಿದ ಅಕ್ಕಂದಿರಲ್ಲಿ ಮೂವರು ಹೈಸ್ಕೂಲಿಗೆ ಹೋಗಲಿಲ್ಲ. ಈಗ ಅವರು ಸಸಿ ಹಚ್ಚಲು ಕೂಲಿಗೆ ಹೋಗುತ್ತಾರೆ. ಅವರಲ್ಲಿ ಒಬ್ಬಾಕಿ ಗಣಿತದಲ್ಲಿ ನಮ್ಮ ಶಾಲೆಗೇ ಮೊದಲಿದ್ದಳು. ಈ ವರ್ಷ ಏಳನೇತ್ತದಲ್ಲಿ ನಾವು ಒಂಬತ್ತು ಮಂದಿ ಹುಡುಗಿಯರಿದ್ದೇವೆ. ಮನೆಯಲ್ಲಿ ಕೇಳಿದರೆ “ನೋಡೋಣ” ಎನ್ನುತ್ತಾರೆ. ನಮ್ಮಪ್ಪನೂ ಹಾಗೇ ಅಂದಿದ್ದಾನೆ. ಹೊಸ ಅಂಗಿ ಕೇಳಿದಾಗ “ನೋಡೋಣ” ಅಂದರೆ ದೀಪಾವಳಿಗೆ ಬರುತ್ತದೆ. ಓದಿನ ಮಾತಿಗೆ “ನೋಡೋಣ” ಅಂದರೆ ಬಹಳ ಸಲ ಬ್ಯಾಡ ಎಂದೇ ಅರ್ಥ.

ದೊಡ್ಡವರು ಹೇಳುವ ಕಾರಣಗಳನ್ನೂ ನಾನು ವಿಚಾರ ಮಾಡಿದ್ದೇನೆ. ಮೊದಲನೆಯದು ದೂರ. ಆದರೆ ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ನಮ್ಮನ್ನು ಕರಕೊಂಡು ಹೋಗುತ್ತೀರಿ. ಹುಲಿಗೆಮ್ಮನಿಗೆ ಹೋಗುತ್ತೀರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡಿಲ್ಲ. ನೋಡಲು ಹೋಗುವಾಗ ಹತ್ತಿರವಾದ ದಾರಿ ಕಲಿಯಲು ಹೋಗುವಾಗ ಯಾಕೆ ದೂರವಾಗುತ್ತದೆ? ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಮನೆಯವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಆಗ ನನ್ನ ವಯಸ್ಸಿನ ಹುಡುಗಿಯರನ್ನೂ ಕರಕೊಂಡು ಹೋಗುತ್ತಾರೆ. ಇಟ್ಟಂಗಿ ಹೊರಲು ಬೆಂಗಳೂರು ದೂರ ಅಲ್ಲ, ಪುಸ್ತಕ ಹೊರಲು ಏಳು ಕಿಲೋಮೀಟರ್ ದೂರ. ಇದು ನನಗೆ ತಿಳಿಯದ ಲೆಕ್ಕ.

ಎರಡನೆಯದು ಭಯ. ಅವ್ವನ ಭಯ ಸುಳ್ಳಲ್ಲ. ಕಾಲುವೆ ದಾರಿಯಲ್ಲಿ ಸಂಜೆ ಮಂದಿ ಇರುವುದಿಲ್ಲ. ಒಬ್ಬಾಕಿ ಹೋದರೆ ನನಗೂ ಹೆದರಿಕೆ ಆಗುತ್ತದೆ. ಆದರೆ ಒಂಬತ್ತು ಮಂದಿ ಕೂಡಿ ಹೋದರೆ? ನಾಲ್ಕು ಮನೆಯವರು ಹೆದರಿ ಬಿಡಿಸಿದರೆ ಉಳಿದ ಐವರ ದಾರಿಯೂ ಸಣ್ಣದಾಗುತ್ತದೆ. ಆದ್ದರಿಂದ ಒಬ್ಬರ ಮನೆಯ ತೀರ್ಮಾನ ಅಂದರೆ ಅದು ಒಬ್ಬರದೇ ಅಲ್ಲ. ಎಲ್ಲರ ಅಪ್ಪ ಅವ್ವಂದಿರೂ ಒಂದು ದಿನ ಕೂಡಿ ಕುಂತು ಮಾತಾಡಬೇಕು.

ಮೂರನೆಯದು, “ಇಷ್ಟು ಓದಿದ್ದು ಸಾಕು” ಎಂಬುದು. ಇದಕ್ಕೆ ನಾನಲ್ಲ, ಕಾಯ್ದೆಯೇ ಉತ್ತರ ಹೇಳುತ್ತದೆ. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಎಲ್ಲ ಮಕ್ಕಳೂ ಎಂಟನೇ ತರಗತಿಯವರೆಗೆ ಓದುವುದು ಅವರ ಹಕ್ಕು. ನನಗೆ ಈಗ 13. ಅಂದರೆ ಎಂಟನೇತ್ತ ಓದುತ್ತೇನೆ ಎನ್ನುವುದು ಹಟ ಅಲ್ಲ, ಹಕ್ಕು.

ಕೊನೆಯದಾಗಿ ನನ್ನ ಮೂರು ಸಲಹೆಗಳು.

ಒಂದು: ಹೊರಗೆ ಹೋಗಿ ಓದುವ ಅಕ್ಕ ಅಣ್ಣಂದಿರು, ಅವರು ಲಂಡನ್ನಿನಲ್ಲಿರಲಿ, ಸಿಂಧನೂರಿನ ಹಾಸ್ಟೆಲಿನಲ್ಲಿರಲಿ, ಬರೀ ನೋಡಿದ ಜಾಗದ ಫೋಟೋ ಕಳಿಸಬಾರದು. ಪಾತ್ರೆ ತಿಕ್ಕಿದ್ದನ್ನೂ, ಜ್ವರ ಬಂದದ್ದನ್ನೂ, ರಾತ್ರಿ ಓದಿದ್ದನ್ನೂ ಹೇಳಬೇಕು. ಮನೆಯವರು ಚಿಂತೆ ಮಾಡುತ್ತಾರೆ ಎಂದು ಮುಚ್ಚಿಡುತ್ತಾರೆ. ಆದರೆ ಕಷ್ಟ ಮುಚ್ಚಿಟ್ಟರೆ ಊರಿಗೆ ಬರೀ ಮೋಜು ಕಾಣುತ್ತದೆ. ಅದರ ಪೆಟ್ಟು ಹಿಂದೆ ಬರುವ ನಮಗೆ ಬೀಳುತ್ತದೆ.

ಎರಡು: ಹೈಸ್ಕೂಲಿಗೆ ಹೋಗುತ್ತಿರುವ ನಮ್ಮೂರ ಅಕ್ಕಂದಿರು ತಿಂಗಳಿಗೊಮ್ಮೆ ಒಂದು ಪುಟ ಬರೆದು ಈ ಗೋಡೆ ಪತ್ರಿಕೆಗೆ ಕೊಡಬೇಕು. ಎಷ್ಟು ಗಂಟೆಗೆ ಹೊರಟೆವು, ಯಾರ ಜೊತೆ ಹೋದೆವು, ಏನು ಕಲಿತೆವು, ಎಷ್ಟು ಗಂಟೆಗೆ ತಿರುಗಿ ಬಂದೆವು, ಅಷ್ಟೇ ಸಾಕು. ಓದಲು ಬಾರದ ಅವ್ವಂದಿರಿಗೆ ನಾವು ಓದಿ ಹೇಳೋಣ. ಹಚ್ಚಲು ಮೂಲೆಯಲ್ಲಿ ಜಾಗ ಬಿಡಲು ನಮ್ಮ ಟೀಚರ್ ಒಪ್ಪಿದ್ದಾರೆ.

ಮೂರು: ಬೇಸಿಗೆ ರಜೆಗಿಂತ ಮೊದಲು ನಮ್ಮ ಗುರುಗಳು ಏಳನೇತ್ತದ ಪಾಲಕರನ್ನು ಒಮ್ಮೆ ಆ ಹೈಸ್ಕೂಲಿಗೆ ಕರಕೊಂಡು ಹೋಗಬೇಕು. ಹಂಪಿ, ಮೈಸೂರಿಗೆ ನಮ್ಮನ್ನು ಶೈಕ್ಷಣಿಕ ಪ್ರವಾಸ ಕರಕೊಂಡು ಹೋಗುತ್ತೀರಿ. ಇದು ಅಪ್ಪ ಅವ್ವಂದಿರ ಪ್ರವಾಸ ಆಗಲಿ. ಅರ್ಧ ದಿನ ಸಾಕು. ಮಗಳು ಕುಂಡ್ರುವ ಜಾಗ, ನೀರು ಕುಡಿಯುವ ನಳ, ಪಾಠ ಹೇಳುವ ಟೀಚರ್, ಎಲ್ಲವನ್ನೂ ಕಣ್ಣಾರೆ ನೋಡಿದರೆ “ನೋಡೋಣ” ಎಂಬ ಮಾತಿಗೂ ಒಂದು ಅರ್ಥ ಬರುತ್ತದೆ.

ಈ ಲೇಖನವನ್ನು ಓದಿದ ಪಾಲಕರು ದಯಮಾಡಿ ಹಾಗೇ ಹೋಗಬಾರದು. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ನಮ್ಮ ಸರ್ ಹತ್ತಿರವಾದರೂ ಹೇಳಿರಿ. ಒಪ್ಪಿದರೆ ಜೂನ್ ತಿಂಗಳಲ್ಲಿ ಹೆಸರು ಹಚ್ಚಿಸಿರಿ. ಒಂಬತ್ತು ಮಂದಿಯ ಹೆಸರೂ ಒಂದೇ ದಿನ ಹಚ್ಚಿಸಿರಿ.

ತಪ್ಪಿದ್ದಲ್ಲಿ ತಿದ್ದಬೇಕಾಗಿ ಗುರುಗಳಲ್ಲಿ ವಿನಂತಿ.

ಇತಿ ನಿಮ್ಮ ವಿಧೇಯ,
ಏಳನೇ ತರಗತಿಯ ವಿದ್ಯಾರ್ಥಿನಿ